ತೀರ್ಮಾನ ಮಾಡಿ ಆದ್ಮೇಲೆ ಒಪ್ಪಿಗೆ ಕೇಳಬೇಡಿ

ಕಾರ್ಖಾನೆಗಳಲ್ಲಿ ತರಬೇತಿ ಕೊಡೋದು ನನ್ನ ಕೆಲಸ. ಮ್ಯಾನೇಜರ್‌ಗಳಿಂದ ನನಗೆ ಬರುವ ಫೋನ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಥರ. "ಸಾರ್, ಸೋಮವಾರದಿಂದ ಹೊಸ ಸಿಸ್ಟಮ್ ಶುರು. ನಮ್ಮ ಹುಡುಗರು ಸ್ವಲ್ಪ ಹಟ ಮಾಡ್ತಿದ್ದಾರೆ. ಶನಿವಾರ ಬಂದು ಒಂದು ಕ್ಲಾಸ್ ತಗೊಳ್ತೀರಾ?" ಮೈಸೂರಿನ ಹೆಬ್ಬಾಳದವರಿರಲಿ, ಹೂಟಗಳ್ಳಿಯವರಿರಲಿ, ನಂಜನಗೂಡಿನವರಿರಲಿ, ಮಾತು ಇದೇ. ಈ "ಹುಡುಗರಲ್ಲಿ" ಐವತ್ತು ದಾಟಿದ ಫಿಟ್ಟರ್‌ಗಳೂ ಇರ್ತಾರೆ, ಅದು ಬೇರೆ ವಿಷಯ.

ಛತ್ರ ಬುಕ್ ಮಾಡಿ, ಲಗ್ನಪತ್ರಿಕೆ ಹಂಚಿ, ಆಮೇಲೆ ಹುಡುಗಿಯ ಒಪ್ಪಿಗೆ ಕೇಳಿದ ಹಾಗಾಯ್ತು. ನಾನು ಕ್ಲಾಸ್ ತಗೊಂಡು ಏನು ಮಾಡಲಿ?

ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಬೆಳಿಗ್ಗೆ ಆರರಿಂದ ಎರಡರ ಶಿಫ್ಟ್ ತೆಗೆದು, ಒಂಬತ್ತರಿಂದ ಐದೂವರೆ ಮಾಡಿದರು. "ಆರಾಮಾಗಿ ಎದ್ದು ಬರಬಹುದಲ್ಲ, ಇದಕ್ಕೂ ಗಲಾಟೆಯಾ?" ಅಂತ ಮ್ಯಾನೇಜರ್‌ಗೆ ಬೇಸರ. ನಾನು ಕ್ಯಾಂಟೀನಿನಲ್ಲಿ ಕೂತು ವಿಚಾರಿಸಿದೆ. ಪಾಂಡವಪುರ ಕಡೆಯವರೊಬ್ಬರು ಹೇಳಿದರು: "ಎರಡಕ್ಕೆ ಬಿಟ್ರೆ ಮೂರೂವರೆಗೆ ಊರು ಸಾರ್. ಹುಲ್ಲು ಕುಯ್ದು, ಹಾಲು ಕರೆದು, ಸಂಜೆ ಡೇರಿಗೆ ಹಾಕ್ತೀನಿ. ಐದೂವರೆಗೆ ಬಿಟ್ರೆ ನಾನು ಹೋಗೋ ಹೊತ್ತಿಗೆ ಡೇರಿ ಬಾಗಿಲು ಹಾಕಿರ್ತಾರೆ." ಇನ್ನೊಬ್ಬರಿಗೆ ನಾಲೆ ನೀರಿನ ಸರದಿ, ಗದ್ದೆಗೆ ನೀರು ಕಟ್ಟೋಕೆ ಮನೇಲಿ ಬೇರೆ ಯಾರೂ ಇಲ್ಲ. ಇದರಲ್ಲಿ ಹಟ ಎಲ್ಲಿದೆ? ಸಂಬಳದ ಜೊತೆಗಿನ ಎರಡನೇ ದುಡಿಮೆ ಹೋಗ್ತಿದೆ, ಅದಕ್ಕೆ ಕೂಗಾಡ್ತಿದ್ದಾರೆ. ಕಡೆಗೆ ಏಳರಿಂದ ಮೂರು ಅಂತ ಆಯ್ತು. ಎಲ್ಲರಿಗೂ ಖುಷಿಯಾಯ್ತು ಅಂತ ಹೇಳಲ್ಲ. ಕೆಲವರು ಈಗಲೂ ಗೊಣಗ್ತಾರೆ.

ಇದು ಹಳೇ ಪಾಠ. ಅಮೆರಿಕದ ವರ್ಜೀನಿಯಾದ ಪೈಜಾಮ ಕಾರ್ಖಾನೆಯೊಂದರಲ್ಲಿ ನಡೆಸಿದ ಪ್ರಯೋಗವನ್ನು ಕೋಚ್ ಮತ್ತು ಫ್ರೆಂಚ್ ಎಂಬಿಬ್ಬರು 1948ರಲ್ಲೇ ಪ್ರಕಟಿಸಿದ್ದರು. ಒಂದು ಗುಂಪಿಗೆ ಬಂದ ಬದಲಾವಣೆ ಎಷ್ಟು ಚಿಕ್ಕದು ನೋಡಿ: ಇಸ್ತ್ರಿ ಮಾಡಿದ ಬಟ್ಟೆಯನ್ನು ಅರ್ಧ ಡಜನ್ ಲೆಕ್ಕದಲ್ಲಿ ರಟ್ಟಿನ ಮೇಲೆ ಜೋಡಿಸುತ್ತಿದ್ದವರು ಇನ್ನು ಮೇಲೆ ಡಬ್ಬದಲ್ಲಿ ಜೋಡಿಸಬೇಕು. ಜೊತೆಗೆ ಹೊಸ ಪೀಸ್ ರೇಟು, ಅಂದ್ರೆ ಮಾಡಿದಷ್ಟು ಕೆಲಸಕ್ಕೆ ಇಷ್ಟು ಅಂತ ಕೊಡೋ ಕೂಲಿ. ಈ ಗುಂಪನ್ನು ಕೂರಿಸಿ ಕಾರಣ ವಿವರಿಸಿದ್ದರು, ಆದರೆ ಏನನ್ನೂ ಕೇಳಿರಲಿಲ್ಲ. ಉತ್ಪಾದನೆ ಬಿತ್ತು, 40 ದಿನದಲ್ಲಿ ಶೇ. 17ರಷ್ಟು ಜನ ಕೆಲಸ ಬಿಟ್ಟರು. ಹೊಸ ಕೆಲಸ ರೂಪಿಸುವಾಗಲೇ ಸೇರಿಸಿಕೊಂಡ ಗುಂಪುಗಳಲ್ಲಿ ಒಬ್ಬರೂ ಬಿಡಲಿಲ್ಲ. ಒಂದೇ ಕಾರ್ಖಾನೆ, ಸಣ್ಣ ಗುಂಪುಗಳು. ಹಾಗಾಗಿ ಎಲ್ಲ ಕಡೆ ಹೀಗೇ ಆಗುತ್ತೆ ಅಂತ ಬರೆದುಕೊಡಲಾರೆ.

ನಮ್ಮ ಮ್ಯಾನೇಜರ್‌ಗಳು ಎಡವೋದು ಇಲ್ಲೇ. "ನಾವೂ ಕಾರಣ ಹೇಳಿದ್ವಿ ಸಾರ್, ಸ್ಲೈಡ್ ಹಾಕಿ ತೋರಿಸಿದ್ವಿ" ಅಂತಾರೆ. ಹೇಳಿದ್ದೀರಿ ಸ್ವಾಮಿ, ಕೇಳಿಲ್ಲ. ಬದಲಾವಣೆ ಬೇಕೋ ಬೇಡವೋ ಅನ್ನೋದು ನಿಮ್ಮ ತೀರ್ಮಾನವೇ ಇರಲಿ. ಆದರೆ ಯಾವಾಗ, ಹೇಗೆ, ಯಾರಿಂದ ಶುರು, ಇವುಗಳಲ್ಲಿ ಒಂದನ್ನಾದರೂ ಅವರ ಮಾತಿಗೆ ಬಿಡಿ. ಬಿಟ್ಟ ಮೇಲೆ ಅವರು ಹೇಳಿದ್ದಕ್ಕೆ ಏನಾದರೂ ಬದಲಾಗಲೇಬೇಕು. ಬಿಡೋಕೆ ಏನೂ ಇಲ್ವಾ? ಹಾಗಾದರೆ ಕೇಳೋ ನಾಟಕ ಬೇಡ, "ಇದು ಹೀಗೇ" ಅಂತ ನೇರವಾಗಿ ಹೇಳಿ. ಸುಮ್ನೆ ಅಭಿಪ್ರಾಯ ಕೇಳಿ ಕಸದ ಬುಟ್ಟಿಗೆ ಹಾಕಿದರೆ ಜನಕ್ಕೆ ಇನ್ನೂ ಜಾಸ್ತಿ ಸಿಟ್ಟು ಬರುತ್ತೆ. ಇನ್ನು ಕೆಲಸದಿಂದ ತೆಗೆಯೋ ವಿಷಯವಾದರೆ, ಅದನ್ನು ಮುಚ್ಚಿಡೋಕೆ ನನ್ನನ್ನು ಕರೀಲೇಬೇಡಿ.

ಕೆಲಸದ ಸಮಯ, ಶಿಫ್ಟ್ ಬದಲಿಸುವ ಮುನ್ನ 21 ದಿನದ ನೋಟಿಸ್ ಕೊಡಬೇಕೆಂಬುದು 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೇ ಇತ್ತು. 2020ರ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಇದೆ. ನಿಮ್ಮ ಕಾರ್ಖಾನೆಗೆ ಅದು ಹೇಗೆ ಅನ್ವಯವಾಗುತ್ತೆ ಅಂತ ವಕೀಲರನ್ನು ಕೇಳಿ. ಆ 21 ದಿನಗಳನ್ನು ನೋಟಿಸ್ ಬೋರ್ಡ್ ನೋಡ್ತಾ ಕಳೀಬೇಡಿ. ಮೊದಲ ವಾರದಲ್ಲೇ ಟೀ ಹೊತ್ತಿಗೆ ಕ್ಯಾಂಟೀನಿಗೆ ಹೋಗಿ ಕೂತ್ಕೊಳ್ಳಿ. ಸೂಪರ್‌ವೈಸರನ್ನು ಮಾತ್ರ ಜೊತೆಗೆ ಕರ್ಕೊಂಡು ಹೋಗಬೇಡಿ, ಅವರೆದುರಿಗೆ ಮನೆ ವಿಷಯ ಯಾರೂ ಬಾಯಿ ಬಿಡಲ್ಲ.