ಓಡೋದು ಮಾತ್ರ ಇಷ್ಟ, ಜಿಮ್ ಬೇಜಾರು. ಏನು ಮಾಡಲಿ?

ಬೆಂಗಳೂರಿನ ಟೆನ್‌ಕೆ (ಹತ್ತು ಕಿಲೋಮೀಟರ್) ಓಟ ಹತ್ತಿರ ಬಂದಾಗಲೆಲ್ಲ ಇದೇ ಪ್ರಶ್ನೆ: "ಸರ್, ಕಬ್ಬನ್ ಪಾರ್ಕ್‌ನಲ್ಲಿ ವಾರಕ್ಕೆ ಐದು ದಿನ ಓಡ್ತೀನಿ. ಜಿಮ್ ಅಂದ್ರೆ ಆಗಲ್ಲ. ಬರೀ ಓಡಿದ್ರೆ ಸಾಲದಾ?"

ಸಾಲದು. ಜಿಮ್‌ಗೇ ಹೋಗಬೇಕು ಅಂತಿಲ್ಲ, ಸ್ನಾಯುಗಳಿಗೆ ಬೇರೆ ಥರದ ಕೆಲಸ ಕೊಟ್ಟರೆ ಆಯ್ತು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲಿ ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ ಅನ್ನೋದು ಎಲ್ಲರಿಗೂ ಬಾಯಿಪಾಠ. ಅದರ ಜೊತೆಗೇ ಇರುವ 'ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸಿ' ಅನ್ನೋ ಮಾತು ಮಾತ್ರ ಯಾರ ಕಣ್ಣಿಗೂ ಬೀಳಲ್ಲ.

ಇಷ್ಟು ಹೇಳುವಷ್ಟರಲ್ಲಿ ಇನ್ನೊಂದು ಬರುತ್ತೆ: "ಭಾರ ಎತ್ತಿದ್ರೆ ಮೈ ದಪ್ಪ ಆಗಿ ಓಟ ನಿಧಾನ ಆಗಲ್ವಾ?"

ಇದನ್ನು ಎಷ್ಟು ಸಲ ಹೇಳೋದು ಮಾರಾಯ್ರೇ! ವಾರಕ್ಕೆ ಎರಡು ಸಲ ಡಂಬೆಲ್ ಮುಟ್ಟಿದ್ದಕ್ಕೇ ತೋಳು ಉಬ್ಬುವ ಹಾಗಿದ್ದರೆ, ವರ್ಷಗಟ್ಟಲೆ ಮೊಟ್ಟೆ ತಿಂದು ಬೆವರು ಸುರಿಸುವ ಹುಡುಗರು ಯಾಕೆ ಅಷ್ಟು ಒದ್ದಾಡಬೇಕು? ಅಮೆರಿಕದ ಸಂಶೋಧಕ ರಾಬರ್ಟ್ ಹಿಕ್ಸನ್ 1980ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 10 ವಾರ, ಮೂರು ಗುಂಪು. ಒಂದಕ್ಕೆ ಭಾರ ಎತ್ತುವುದು ಮಾತ್ರ. ಇನ್ನೊಂದಕ್ಕೆ ಓಟ, ಸೈಕಲ್. ಮೂರನೆಯದಕ್ಕೆ ಎರಡೂ. ಎರಡೂ ಮಾಡಿದವರ ಕಾಲಿನ ಬಲ ಸುಮಾರು 7 ವಾರ ಏರಿತು, ಕೊನೆಗೆ ಇಳಿಯಿತು. ದಮ್ಮು? ಬರೀ ಓಡಿದವರಷ್ಟೇ ಹೆಚ್ಚಿತು. ಅಂದರೆ ಏಟು ಬಿದ್ದದ್ದು ಭಾರ ಎತ್ತುವ ಶಕ್ತಿಗೆ, ಓಟಕ್ಕಲ್ಲ. ಹೆದರಬೇಕಾದವರು ಪೈಲ್ವಾನರು, ನೀವಲ್ಲ.

ಇನ್ನೂ ಒಂದು. ಮೊದಮೊದಲು ಬಲ ಹೆಚ್ಚುವುದು ಸ್ನಾಯು ದಪ್ಪಗಾಗಿ ಅಲ್ಲ. ಇರುವ ಸ್ನಾಯುವನ್ನೇ ಚೆನ್ನಾಗಿ ದುಡಿಸೋದನ್ನು ನರಗಳು ಕಲಿಯುತ್ತವೆ. ಆಮೇಲೆ ಅದೇ ವೇಗಕ್ಕೆ ಮೊದಲಿಗಿಂತ ಕಡಿಮೆ ಆಮ್ಲಜನಕ ಸಾಕಾಗುತ್ತೆ.

ಮನೆಯಲ್ಲೇ ಶುರು ಮಾಡಿ. ಮೆಟ್ಟಿಲ ಅಂಚಿನಲ್ಲಿ ಒಂದೇ ಮುಂಗಾಲ ಮೇಲೆ ನಿಂತು, ಗೋಡೆ ಹಿಡಿದು, ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸಿ, ಮತ್ತೆ ಎತ್ತಿ. ಎಂಟು ಹತ್ತು ಆಗುವಷ್ಟರಲ್ಲಿ ಮೀನಖಂಡ ಉರಿಯೋಕೆ ಶುರುವಾದರೆ, ಐದು ದಿನದ ಓಟ ಏನನ್ನು ಬಿಟ್ಟಿದೆ ಅಂತ ಗೊತ್ತಾಗುತ್ತೆ. ಆಮೇಲೆ ಬಸ್ಕಿ. ಶಾಲೆಯಲ್ಲಿ ಶಿಕ್ಷೆ ಅಂತ ಹೊಡೆಸಿ ಹೊಡೆಸಿ ಅದರ ಹೆಸರು ಕೆಡಿಸಿಟ್ಟಿದ್ದಾರೆ, ಗರಡಿ ಮನೆಯಲ್ಲಿ ಅದಿಲ್ಲದೆ ಸಾಮೇ ಇಲ್ಲ. ಸಲೀಸಾದ ಮೇಲೆ ಬೆನ್ನಿಗೆ ಐದು ಕೇಜಿ ಅಕ್ಕಿಯ ಬ್ಯಾಗ್ ಹಾಕಿಕೊಳ್ಳಿ. ಬೇಜಾರು ಅನ್ನುವವರು ಓಡಿ ಬಂದ ಕೂಡಲೇ, ಶೂ ಬಿಚ್ಚುವ ಮೊದಲೇ ಮುಗಿಸಿಬಿಡಿ. ಸೋಫಾ ಮೇಲೆ ಕೂತರೆ ಕೆಟ್ಟಿತು. ಲಾಂಗ್ ರನ್ನಿನ, ಅಂದರೆ ವಾರದ ಉದ್ದನೆಯ ಓಟದ, ಹಿಂದಿನ ದಿನ ಮಾತ್ರ ಬೇಡ.

ಯಾರೂ ಕೇಳಲಿಲ್ಲ, ಆದರೂ ಹೇಳ್ತೀನಿ. ಭಾನುವಾರ ನಂದಿ ಬೆಟ್ಟಕ್ಕೆ ಸೈಕಲ್ ತುಳಿಯುವವರೇ, ನಿಮಗೆ ಈ ಸ್ನಾಯು ಕಸರತ್ತು ಇನ್ನೂ ಜಾಸ್ತಿ ಬೇಕು. ಓಡುವವರ ಕಾಲಿಗೆ ಪ್ರತಿ ಹೆಜ್ಜೆಯಲ್ಲೂ ಮೈತೂಕದ 2-3 ಪಟ್ಟು ಹೊರೆ ಬೀಳುತ್ತೆ, ಮೂಳೆ ಗಟ್ಟಿಯಾಗಲು ಅದೂ ಬೇಕು. ಸೀಟಿನ ಮೇಲೆ ಕೂತವರಿಗೆ ಅದು ಸಿಗಲ್ಲ. ಹಾಗಾಗಿಯೇ ಹೃದಯ ಗಟ್ಟಿಯಿದ್ದೂ ಬೆನ್ನುಮೂಳೆ ಟೊಳ್ಳಾಗುತ್ತಿರುವ ಸೈಕಲ್ ಪಟುಗಳಿದ್ದಾರೆ. ಈಜುವವರಿಗೂ ಇದೇ ಮಾತು. ಬಸ್ಕಿಯ ಜೊತೆಗೆ ಒಂದು ಸ್ಕಿಪ್ಪಿಂಗ್ ಹಗ್ಗವನ್ನೂ ತಂದಿಟ್ಟುಕೊಳ್ಳಿ.