ಪಿನ್‌ಹೋಲ್ ಕ್ಯಾಮೆರಾದಲ್ಲಿ ಹತ್ತಿರದ ಚಿತ್ರ: ತೂತು ಎಷ್ಟಿರಬೇಕು?

ಪಿನ್‌ಹೋಲ್ ಕ್ಯಾಮೆರಾ ಅಂದರೆ ಒಂದು ಸಣ್ಣ ತೂತಿರುವ, ಒಳಗೆ ಫಿಲ್ಮ್ ಇಟ್ಟ ಡಬ್ಬಿ. ಅದಕ್ಕೆ ಲೆನ್ಸ್ ಇಲ್ಲ, ಫೋಕಸ್ ಮಾಡುವ ಗೋಜೂ ಇಲ್ಲ. ಹಾಗಾಗಿ ದೂರದ ಮರ, ಹತ್ತಿರದ ಹೂವು ಎರಡೂ ಒಂದೇ ಥರ ಬರುತ್ತವೆ ಅಂದುಕೊಳ್ಳುತ್ತೇವೆ. ತೀರಾ ಹತ್ತಿರ ಹೋದಾಗ ಈ ಲೆಕ್ಕ ತಪ್ಪುತ್ತದೆ.

ಮೊದಲು ಗಾತ್ರ. ತೂತಿನಿಂದ ಫಿಲ್ಮಿಗಿರುವ ದೂರವನ್ನು ತೂತಿನಿಂದ ವಸ್ತುವಿಗಿರುವ ದೂರದಿಂದ ಭಾಗಿಸಿ. ಎರಡೂ 100 ಮಿ.ಮೀ. ಆದರೆ ಹೂವು ತನ್ನ ನಿಜವಾದ ಗಾತ್ರದಲ್ಲೇ ಮೂಡುತ್ತದೆ. ಹೂವನ್ನು 50 ಮಿ.ಮೀ.ಗೆ ತಂದರೆ ಎರಡು ಪಟ್ಟು. ಅಳೆಯುವುದು ತೂತಿನಿಂದ, ಡಬ್ಬಿಯ ಅಂಚಿನಿಂದ ಅಲ್ಲ.

ಈಗ ಮಸುಕಿನ ವಿಷಯ. ದೂರದ ಚುಕ್ಕೆಯಿಂದ ಬರುವ ಕಿರಣಗಳು ಹೆಚ್ಚುಕಮ್ಮಿ ಸಮಾನಾಂತರ. ಅವು ಫಿಲ್ಮಿನ ಮೇಲೆ ಸುಮಾರು ತೂತಿನಷ್ಟೇ ಅಗಲದ ವೃತ್ತವಾಗುತ್ತವೆ. ಹತ್ತಿರದ ಚುಕ್ಕೆಯ ಕಿರಣಗಳು ತೂತು ದಾಟಿದ ಮೇಲೂ ಅಗಲವಾಗುತ್ತಲೇ ಹೋಗುತ್ತವೆ. ನಿಜ ಗಾತ್ರದ ಚಿತ್ರದಲ್ಲಿ ಆ ವೃತ್ತ ತೂತಿನ ಎರಡರಷ್ಟು.

ಹಾಗಾದರೆ ತೂತನ್ನು ಸಣ್ಣದು ಮಾಡಿದರಾಯ್ತು, ಅಲ್ವಾ? ಆಯ್ತು, ಆದರೆ ಸುಮ್ನೆ ಸಣ್ಣ ಮಾಡುತ್ತಾ ಹೋದರೆ ಬೆಳಕು ತೂತಿನ ಅಂಚಿನಲ್ಲಿ ಬಾಗಿ ಹರಡಿ ಮತ್ತೆ ಮಸುಕು. ಈ ಎರಡರ ನಡುವಿನ ಅಳತೆಗೆ ಭೌತವಿಜ್ಞಾನಿ ರೇಲಿ ಹೆಸರಿನ ಸೂತ್ರವಿದೆ: ಫಿಲ್ಮಿನ ದೂರವನ್ನು ಬೆಳಕಿನ ತರಂಗದ ಉದ್ದದಿಂದ (0.00055 ಮಿ.ಮೀ.) ಗುಣಿಸಿ, ವರ್ಗಮೂಲ ತೆಗೆದು, 1.9ರಿಂದ ಗುಣಿಸಿ. 100 ಮಿ.ಮೀ.ಗೆ ಸುಮಾರು 0.45 ಮಿ.ಮೀ. ತೂತು.

ಇದು ದೂರದ ದೃಶ್ಯದ ಲೆಕ್ಕ. ಹತ್ತಿರದ್ದಕ್ಕೆ ಫಿಲ್ಮಿನ ದೂರದ ಬದಲು, ಎರಡು ದೂರಗಳ ಗುಣಲಬ್ಧವನ್ನು ಅವುಗಳ ಮೊತ್ತದಿಂದ ಭಾಗಿಸಿದ ಸಂಖ್ಯೆ ಹಾಕಬೇಕು. 100 ಮಿ.ಮೀ. ದೂರದ ನಮ್ಮ ಹೂವಿಗೆ 10,000 ಭಾಗ 200, ಅಂದರೆ 50. ಉತ್ತರ ಸುಮಾರು 0.32 ಮಿ.ಮೀ. ಹತ್ತಿರದ ಚಿತ್ರಕ್ಕೇ ಬೇರೆ ತೂತು ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಆದರೂ ಹೂವಿನ ಮೇಲೆ ಸುಮಾರು 0.6 ಮಿ.ಮೀ.ಗಿಂತ ಸಣ್ಣ ವಿವರ ಸಿಗುವುದು ಕಷ್ಟ. ನವಿರಾದ ಎಳೆಗಳಿಗಿಂತ ದಪ್ಪ ಆಕಾರಗಳೇ ಇದಕ್ಕೆ ಒಗ್ಗುತ್ತವೆ.

ಎಕ್ಸ್‌ಪೋಶರ್, ಅಂದರೆ ಫಿಲ್ಮಿಗೆ ಬೆಳಕು ಬೀಳಬೇಕಾದ ಸಮಯದ ಲೆಕ್ಕ, ಸುಲಭ. ಫಿಲ್ಮಿನ ದೂರ 100ನ್ನು ತೂತಿನ ಅಗಲ 0.32ರಿಂದ ಭಾಗಿಸಿದರೆ ಸುಮಾರು 312; ಇದನ್ನು ಎಫ್/312 ಎಂದು ಬರೆಯುತ್ತಾರೆ. ಬೆಳಕು ಅಳೆಯುವ ಮೀಟರ್ ಎಫ್/16ಕ್ಕೆ 1/125 ಸೆಕೆಂಡ್ ತೋರಿಸಿದರೆ ಇಲ್ಲಿ ಸುಮಾರು 3 ಸೆಕೆಂಡ್. ಫಿಲ್ಮ್ ಜಾಗ ಬದಲಾಗದ ಕಾರಣ, ಹತ್ತಿರ ಹೋದಿರಿ ಅಂತ ಜಾಸ್ತಿ ಸಮಯ ಸೇರಿಸಬೇಕಿಲ್ಲ. ಆದರೆ ದೀರ್ಘ ಎಕ್ಸ್‌ಪೋಶರ್‌ನಲ್ಲಿ ಫಿಲ್ಮ್ ಬೆಳಕಿಗೆ ಸ್ಪಂದಿಸುವುದು ಮಂದವಾಗುತ್ತದೆ, ಎಷ್ಟು ಸಮಯ ಸೇರಿಸಬೇಕು ಎಂಬುದಕ್ಕೆ ಆ ಫಿಲ್ಮಿನ ಎಕ್ಸ್‌ಪೋಶರ್ ಕೋಷ್ಟಕ ನೋಡಿ. ಗಾಳಿಯಲ್ಲಿ ಅಲ್ಲಾಡುವ ಹೂವು ಬೇಡವೇ ಬೇಡ. ಡಬ್ಬಿಯ ನೆರಳು ವಸ್ತುವಿನ ಮೇಲೆ ಬೀಳದಂತೆ ಬೆಳಕು ಪಕ್ಕದಿಂದ ಬರಲಿ.

ಇಷ್ಟೆಲ್ಲ ಕಷ್ಟಪಟ್ಟರೆ ಸಿಗುವುದೇನು? 80 ಮಿ.ಮೀ. ದೂರದ ಎಸಳು 1.25 ಪಟ್ಟು, 120ರಲ್ಲಿರುವ ಎಸಳು 0.83 ಪಟ್ಟು ಬರುತ್ತವೆ, ಎರಡರ ಸ್ಪಷ್ಟತೆ ಹೆಚ್ಚುಕಮ್ಮಿ ಒಂದೇ. ಹತ್ತಿರದ ಚಿತ್ರಕ್ಕೆಂದೇ ಇರುವ ಮ್ಯಾಕ್ರೋ ಲೆನ್ಸ್‌ನಲ್ಲಿ ಒಂದೇ ಹೊಡೆತಕ್ಕೆ ಇಷ್ಟು ಆಳ ಸಿಗುವುದಿಲ್ಲ.