ಶುಗರ್ ಇದೆ, ಈಗ ಈ ತೊಂದರೆ: ಯಾವ ಡಾಕ್ಟರ ಹತ್ತಿರ ಹೋಗಲಿ?

ಪ್ರಶ್ನೆ: ನನಗೆ 44 ವರ್ಷ ಸರ್. ಜೇವರ್ಗಿ ತಾಲ್ಲೂಕು, ತೊಗರಿ ಹೊಲ ಇದೆ. ಐದು ವರ್ಷದಿಂದ ಶುಗರ್ ಗುಳಿಗೆ ತಗೋತೀನಿ. ಏಳೆಂಟು ತಿಂಗಳಿಂದ ಹೆಂಡತಿ ಹತ್ತಿರ ಹೋದಾಗ ಸರಿಯಾಗಿ ಗಟ್ಟಿಯಾಗ್ತಿಲ್ಲ. ಕಲಬುರಗಿಗೆ ಬಂದರೆ ಯಾವ ಡಾಕ್ಟರನ್ನು ನೋಡಲಿ? ಅವರ ಮುಂದೆ ಹೆಂಗ ಬಾಯಿ ಬಿಡಲಿ?

ಉತ್ತರ: ಮೊದಲು ನಿಮ್ಮ ಶುಗರ್ ನೋಡುವ ಡಾಕ್ಟರ ಹತ್ತಿರವೇ ಹೋಗಿ. ಇದು ಶುಗರಿನದೇ ಮುಂದಿನ ಭಾಗ ಇರಬಹುದು.

ಶಿಶ್ನ ಗಟ್ಟಿಯಾಗುವುದು ಅಂದರೆ ಅದರೊಳಗೆ ರಕ್ತ ತುಂಬಿ, ಸ್ವಲ್ಪ ಹೊತ್ತು ಅಲ್ಲೇ ನಿಲ್ಲುವುದು. ಅದಕ್ಕೆ ನರ ಸುದ್ದಿ ಮುಟ್ಟಿಸಬೇಕು, ರಕ್ತನಾಳ ಅಗಲವಾಗಬೇಕು. ವರ್ಷಗಟ್ಟಲೆ ಹತೋಟಿ ತಪ್ಪಿದ ಶುಗರ್ ಎರಡನ್ನೂ ಕೆಡಿಸುತ್ತದೆ. ಬಿಪಿ, ಬೀಡಿ, ಗುಟಕಾ, ಜಾಸ್ತಿ ಕುಡಿತ ಕೂಡ ಹಾಗೇ. ಅಲ್ಲಿನ ರಕ್ತನಾಳ ಸುಮಾರು 1–2 ಮಿಲಿಮೀಟರ್ ಅಗಲ. ಹೃದಯದ ರಕ್ತನಾಳ 3–4. ಕಾಲುವೆಯಲ್ಲಿ ಹೂಳು ಕಟ್ಟಿದಾಗ ಸಣ್ಣ ತೂಬಿಗೇ ಮೊದಲು ನೀರು ನಿಲ್ಲುತ್ತದೆ, ಅಲ್ವಾ? ಎಷ್ಟೋ ಜನರಲ್ಲಿ ಈ ತೊಂದರೆ ಶುರುವಾದ ಎರಡು–ಐದು ವರ್ಷಕ್ಕೆ ಹೃದಯದ ತೊಂದರೆ ಕಾಣಿಸಿಕೊಳ್ಳುತ್ತದೆ. ಅದಕ್ಕೇ ನಾನು ಇಷ್ಟು ಒತ್ತಿ ಹೇಳುತ್ತಿರುವುದು. ನೀವು ಈಗ ಹೋದರೆ ಎದೆಯನ್ನೂ ಉಳಿಸಿಕೊಳ್ಳಬಹುದು.

ಇನ್ನು ಬಾಯಿ ಬಿಡುವ ಮಾತು. ನಾನು ಕೂತಿದ್ದ ಒಂದು ಓಪಿಡಿಯಲ್ಲಿ ಬಾಗಿಲು ಯಾವಾಗಲೂ ತೆರೆದೇ ಇರುತ್ತಿತ್ತು. ಒಬ್ಬರನ್ನು ನೋಡುತ್ತಿದ್ದರೆ ಇನ್ನಿಬ್ಬರು ಚೀಟಿ ಹಿಡಿದು ಮೇಜಿನ ಹತ್ತಿರವೇ ನಿಂತಿರುತ್ತಿದ್ದರು. ಒಬ್ಬರು ಮೂರು ಸಲ ಬಂದರು. ಮೂರು ಸಲವೂ "ಸುಸ್ತು ಸರ್" ಅಂದರು. ನಾನೂ ಎರಡು ಸಲ ಶಕ್ತಿ ಗುಳಿಗೆ ಬರೆದು ಕಳಿಸಿದೆ. ಮೂರನೇ ಸಲ ಹೋಗುವಾಗ ಬಾಗಿಲ ಹತ್ತಿರ ನಿಂತು, ಚಪ್ಪಲಿ ನೋಡುತ್ತಾ, "ಸರ್, ಇನ್ನೊಂದಿತ್ತು" ಅಂದರು. ಆ ಇನ್ನೊಂದೇ ಅವರನ್ನು ಅಷ್ಟು ದೂರದಿಂದ ಕರೆತಂದಿತ್ತು. ನಾನೇ ಮೊದಲು ಕೇಳಬೇಕಿತ್ತು. ಅವತ್ತಿಂದ ಶುಗರ್ ಇರುವ ಪ್ರತಿ ಗಂಡಸನ್ನೂ ಕೇಳುತ್ತೇನೆ.

ನೀವು ಇಷ್ಟೇ ಹೇಳಿ: "ಸರ್, ಒಂದು ಖಾಸಗಿ ಮಾತಿದೆ, ಇವರನ್ನು ಸ್ವಲ್ಪ ಹೊರಗೆ ನಿಲ್ಲಿಸ್ತೀರಾ?" ಆಮೇಲೆ, "ಶಿಶ್ನ ಗಟ್ಟಿಯಾಗ್ತಿಲ್ಲ, ಎಂಟು ತಿಂಗಳಾಯ್ತು." ಅದೂ ಕಷ್ಟ ಅನಿಸಿದರೆ ಚೀಟಿಯಲ್ಲಿ ಬರೆದು ಕೊಡಿ. ಬೆಳಗ್ಗೆ ಎದ್ದಾಗ ಗಟ್ಟಿಯಾಗಿರುತ್ತದಾ ಅಂತ ಅವರು ಕೇಳುತ್ತಾರೆ. ಅದು ತುಂಬಾ ಬೇಕಾದ ಪ್ರಶ್ನೆ. ಆಗ ಸರಿ ಇದ್ದು ಹೆಂಡತಿ ಹತ್ತಿರ ಮಾತ್ರ ಆಗದಿದ್ದರೆ ಸಾಲ, ಚಿಂತೆ, ಭಯದ ಪಾಲು ಜಾಸ್ತಿ ಇರಬಹುದು. ಅದಕ್ಕೂ ಚಿಕಿತ್ಸೆ ಇದೆ. ಹರೆಯದಲ್ಲಿ ಧಾತು ಹೋಗಿ ಹೀಗಾಯಿತು ಅನ್ನುವುದು ಮಾತ್ರ ಸುಳ್ಳು, ಆ ಪಾಪಪ್ರಜ್ಞೆ ಬಿಟ್ಟುಬಿಡಿ.

ತಾಲ್ಲೂಕು ಆಸ್ಪತ್ರೆಯಲ್ಲೇ ಬಿಪಿ, ಶುಗರ್ ನೋಡುತ್ತಾರೆ. ಮುಂದಕ್ಕೆ ಬೇಕಾದರೆ ಕಲಬುರಗಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಜಿಮ್ಸ್ ಇದೆ. ಬೀದರಿನವರಿಗೆ ಬ್ರಿಮ್ಸ್, ಯಾದಗಿರಿಯವರಿಗೆ ಯಿಮ್ಸ್. ಮೂತ್ರರೋಗ ತಜ್ಞರನ್ನು ಕಾಣಬೇಕಾ ಅಂತ ಡಾಕ್ಟರೇ ಹೇಳುತ್ತಾರೆ.

ಬಸ್ ನಿಲ್ದಾಣದ ಸುತ್ತ ಗೋಡೆಯ ಮೇಲೆ "ಗುಪ್ತರೋಗ, ಗ್ಯಾರಂಟಿ" ಅಂತ ಬರೆದಿರುತ್ತಾರಲ್ಲ, ಅಲ್ಲಿಗೆ ದಯವಿಟ್ಟು ಹೋಗಬೇಡಿ. ಔಷಧದಿಂದ ಗಂಡಸ್ತನ ಹೆಚ್ಚುತ್ತದೆ ಅಂತ ಜಾಹೀರಾತು ಕೊಡುವುದೇ 1954ರ ಕಾಯ್ದೆ ಪ್ರಕಾರ ಅಪರಾಧ. ಆ ಪುಡಿಗಳಲ್ಲಿ ಎಷ್ಟೋ ಸಲ ಹೇಳದೆ, ಶಿಶ್ನ ಗಟ್ಟಿಯಾಗಲು ಡಾಕ್ಟರು ಕೊಡುವ ಸಿಲ್ಡೆನಾಫಿಲ್ ಔಷಧ ಬೆರೆಸಿರುತ್ತಾರೆ.

ಸಿಲ್ಡೆನಾಫಿಲ್ ಒಳ್ಳೆಯ ಔಷಧವೇ, 1998ರಿಂದ ಬಳಕೆಯಲ್ಲಿದೆ. ಆದರೆ ಚೀಟಿ ಇಲ್ಲದೆ ಕೊಳ್ಳುವಂಥದ್ದಲ್ಲ. ಎದೆನೋವಿಗೆ ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ಗುಳಿಗೆಯ ಜೊತೆ ಇದು ಸೇರಿದರೆ ಬಿಪಿ ಒಮ್ಮೆಲೇ ಕುಸಿದು ಜೀವಕ್ಕೇ ಅಪಾಯ. ಸ್ನೇಹಿತ ಕೊಟ್ಟ ಅಂತ ಸುಮ್ನೆ ನುಂಗಬೇಡಿ. ಡಾಕ್ಟರು ಬರೆದುಕೊಟ್ಟ ಮೇಲೂ, ನಾಲ್ಕು ಗಂಟೆಗಿಂತ ಜಾಸ್ತಿ ಗಟ್ಟಿಯಾಗೇ ಉಳಿದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಓಡಿ.

ಮನೆಯಲ್ಲಿ ಹೆಂಡತಿಗೂ ವಿಷಯ ಹೇಳಿ. ನೀವು ಬಾಯಿ ಮುಚ್ಚಿಕೊಂಡರೆ, ತನ್ನ ಮೇಲೆ ಮನಸ್ಸಿಲ್ಲ ಅಂತ ಅವರು ಅಂದುಕೊಂಡಿರಬಹುದು.

ಈಗ ತಗೋತಿರುವ ಎಲ್ಲಾ ಗುಳಿಗೆಗಳನ್ನೂ ಜೊತೆಗೆ ಒಯ್ಯಿರಿ. ಬಿಪಿಯ ಕೆಲವು ಗುಳಿಗೆಗಳಿಂದಲೂ ಹೀಗಾಗುತ್ತದೆ, ಬದಲಿಸಬಹುದು. ನೀವೇ ನಿಲ್ಲಿಸಬೇಡಿ. ಶುಗರ್, ಕೊಬ್ಬಿನ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಾಗಬಹುದು, ಗಂಡಸಿನ ಹಾರ್ಮೋನ್ ಟೆಸ್ಟೋಸ್ಟೆರಾನ್ ನೋಡುವುದೂ ಬೆಳಗ್ಗೆಯೇ. ಹಾಗಾಗಿ ಜೇವರ್ಗಿಯಿಂದ ಮೊದಲ ಬಸ್ಸಿಗೆ ಹೊರಡಿ, ಚಹಾ ಕುಡಿಯದೆ. ಶುಗರ್ ಗುಳಿಗೆ ಜೇಬಲ್ಲಿರಲಿ. ರಕ್ತ ಕೊಟ್ಟ ಮೇಲೆ ನಾಷ್ಟಾ ಮಾಡಿ ನುಂಗಿದರಾಯಿತು.